ಮಂಡಿಯೂರಲು ನುಂಗಿದ ಮಾತ್ರೆ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಮೇಟಗಳ್ಳಿಯ ನಮ್ಮ ಮನೆಯಲ್ಲಿ, ಶಿಲುಬೆಯ ಮುಂದೆ ಮಂಡಿಯೂರಿ ಮಣಿ ಎಣಿಸುತ್ತ ಹೇಳುವ ಸಂಜೆಯ ಜಪಸರ ಮುಗಿದಿತ್ತು. ನನ್ನ ಹಿಂದೆಯೇ ಮಂಡಿಯೂರಿದ್ದ ಪಕ್ಕದ ಮನೆಯ ನರ್ಸ್ ಸ್ಟೆಲ್ಲಾ, ಊದಿದ್ದ ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

“ಅಜ್ಜಿ, ಮಂಡಿ ನೋವಿಗೆ ಏನು ತಗೋತಿದೀರಾ?”

“ಮೆಡಿಕಲ್ ಅಂಗಡಿ ಮಾತ್ರೆ ಕಣಮ್ಮ, ದಿನಾ ಎರಡು. ಮೂರು ವರ್ಷ ಆಯ್ತು. ನುಂಗದಿದ್ರೆ ಮಂಡಿಯೂರಕ್ಕಾಗಲ್ಲ. ದೇವರ ಮುಂದೆ ಕೂತ್ಕೊಂಡು ಬೇಡಕ್ಕೆ ನಾನೇನು ಮಹಾರಾಣಿನಾ?”

ಅವಳು ನಗಲಿಲ್ಲ. “ಆ ಮಾತ್ರೆ ಕಿಡ್ನಿ ತಿಂದ್ಬುಡ್ತವೆ ಅಜ್ಜಿ. ನಾಳೇನೇ ರಕ್ತ, ಮೂತ್ರ ಪರೀಕ್ಷೆ ಮಾಡ್ಸಿ.”

ನನ್ನ ತಂಗಿ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡೇ ಸತ್ತಳು. ಆ ಯಂತ್ರದ ಪಕ್ಕದ ಮಂಚದಲ್ಲಿ ಅವಳು ನನ್ನ ಕೈ ಹಿಡಿದು ಮಲಗುತ್ತಿದ್ದಳು. ಸಾವಿಗೆ ಹೆದರುವವಳಲ್ಲ ನಾನು. ಆ ಮಂಚಕ್ಕೆ ಹೆದರಿದೆ.

ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು: ಕಿಡ್ನಿ ಸ್ವಲ್ಪ ಕೆಟ್ಟಿತ್ತು, ಪೂರ್ತಿ ಹೋಗಿರಲಿಲ್ಲ. ಈಗಲೂ ಪ್ರತಿ ಸಲ ಪರೀಕ್ಷೆಗೆ ರಕ್ತ ಕೊಡುವಾಗ ಅದೇ ಹೆದರಿಕೆ. ಆವತ್ತಿನ ಮಾರನೆಯ ಬೆಳಿಗ್ಗೆ ಮಾತ್ರೆ ನುಂಗದೆ, ಅದರ ಸ್ಟ್ರಿಪ್ ಹಿಡಿದು ಆಸ್ಪತ್ರೆಗೆ ಹೋದೆ. ಸರದಿ ಬರುವವರೆಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಕೂತೇ ಜಪಸರ ಹೇಳಿದೆ.