ಬಾಯಿಗೆ ಅಂಟಿದ ನೀಲಿ

ಪೆಟ್ರೋಲ್ ರೇಟ್ ಏರಿತು ಅಂತ ಟೀವಿಯಲ್ಲಿ ಬಂದಾಗಲೆಲ್ಲ ಮನೆಯವರೆಲ್ಲ ಗೊಣಗುತ್ತಾರೆ, ನಾನೊಬ್ಬಳು ನಗುತ್ತೇನೆ. ಯಾಕಜ್ಜಿ ಅಂತ ಮೊಮ್ಮಗಳು ಕೇಳಿದರೆ ಹೇಳುವುದಿಲ್ಲ. ನನಗೆ ಆಗ ಒಂದು ನೀಲಿ ಬಣ್ಣ ನೆನಪಾಗಿರುತ್ತದೆ. ಆ ಕಥೆ ಕೇಳಿದರೆ, ನಮ್ಮಜ್ಜಿ ಇಷ್ಟೊಂದು ನ್ಯಾಸ್ಟಿ ಆಗಿದ್ದಳೇ ಅಂದುಕೊಂಡಾಳು. ಆಗಿದ್ದೆ. ಈಗಲೂ ಆ ವಿಷಯದಲ್ಲಿ ಹಾಗೇ ಇದ್ದೇನೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ಇರಾನಿನಲ್ಲಿ ಗಲಾಟೆಯಾದರೆ ಮಲ್ಲೇಶ್ವರದ ಬಂಕಿನಲ್ಲಿ ಕ್ಯೂ. ಸ್ಕೂಟರಿನವರು ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಮಗುವನ್ನು ತೂಗುವ ಹಾಗೆ ತೂಗಿ, ಟ್ಯಾಂಕಿನ ತಳದ ಹನಿಯನ್ನು ಇಂಜಿನ್ನಿಗೆ ಇಳಿಸುತ್ತಿದ್ದರು. ಕೆಲವರು ಸೀಮೆಎಣ್ಣೆ ಬೆರೆಸಿ ಬೀದಿ ತುಂಬ ಬಿಳಿ ಹೊಗೆ ಬಿಟ್ಟುಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಸ್ಕೂಟರ್ ಮಾತ್ರ ಗೋಣಿಚೀಲ ಹೊದ್ದು ಗೋಡೆಗೆ ಒರಗಿತ್ತು. ನಮ್ಮೆಜಮಾನರ ಕಾರ್ಖಾನೆ ಲಾಕ್‌ಔಟ್ ಆಗಿ ತಿಂಗಳುಗಳೇ ಆಗಿದ್ದವು. ಬಾಡಿಗೆ ಮನೆಯಲ್ಲಿ ನಾವಿಬ್ಬರು, ಅತ್ತೆ, ನನ್ನ ಹೊಟ್ಟೆಯಲ್ಲೊಂದು ಜೀವ. ಮನೆ ನಡೆಯುತ್ತಿದ್ದದ್ದು ಪೀಣ್ಯದ ಒಂದು ಮೆಷಿನ್ ಟೂಲ್ ಕಾರ್ಖಾನೆಯಲ್ಲಿ ನನಗಿದ್ದ ಸ್ಟೆನೋ ಕೆಲಸದಿಂದ. ಅದಿನ್ನೂ ಪ್ರೊಬೇಷನ್. ವರ್ಷದ ಕೊನೆಗೆ ಕನ್ಫರ್ಮ್ ಆಗಬೇಕಿತ್ತು. ಆಗದೇ ಹೋದರೆ ಬಾಣಂತನ ಎಲ್ಲಿ, ಹೇಗೆ ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಪೀಣ್ಯಕ್ಕೆ ಆಗ ಬಸ್ಸು ಅಂದರೆ ದೇವರು ಕೊಟ್ಟ ಹಾಗೆ, ಬಂದರೆ ಬಂತು. ನಮ್ಮ ವರ್ಕ್ಸ್ ಮ್ಯಾನೇಜರಿಗೆ ಒಂದು ಹಳೇ ಕಪ್ಪು ಕಾರಿತ್ತು. ಮಲ್ಲೇಶ್ವರದ ಕಡೆಯ ನಾವು ನಾಲ್ಕು ಜನ ಪೆಟ್ರೋಲಿಗೆ ಪಾಲು ಹಾಕಿ ಅದರಲ್ಲಿ ಹೋಗುತ್ತಿದ್ದೆವು. ಮ್ಯಾನೇಜರ್ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅಕೌಂಟೆಂಟು, ಹಿಂದೆ ಪರ್ಚೇಸಿನ ಇಬ್ಬರು ಮತ್ತು ಕಿಟಕಿಗೆ ಅಂಟಿಕೊಂಡು ನಾನು. ಇಳಿಜಾರು ಸಿಕ್ಕ ಕಡೆಯೆಲ್ಲ ಮ್ಯಾನೇಜರು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಹಾಕುವರು. ಕಾರು ಸದ್ದಿಲ್ಲದೆ ಜಾರುವಾಗ, ಮಾತಾಡಿದರೆ ಎಲ್ಲಿ ನಿಂತುಬಿಡುತ್ತದೋ ಅನ್ನುವ ಹಾಗೆ ಎಲ್ಲರೂ ಸುಮ್ಮನಿರುತ್ತಿದ್ದರು. ಮತ್ತೆ ಇಂಜಿನ್ ಹೊತ್ತಿಕೊಂಡರೆ ಚರ್ಚೆಯೂ ಹೊತ್ತಿಕೊಳ್ಳುತ್ತಿತ್ತು.

"ಅರಬ್ಬರು ನಮ್ಮ ಕತ್ತು ಹಿಡಿದಿದ್ದಾರೆ ಕಣ್ರೀ," ಅನ್ನುವರು ಮ್ಯಾನೇಜರು. "ಬಾಂಬೆ ಹೈ ಸಮುದ್ರದಲ್ಲಿ ಸಿಕ್ಕಿದ ಎಣ್ಣೆ ಸ್ಯಾಂಪಲ್ಲು ಅಷ್ಟೆ. ಅಸ್ಸಾಂ, ಕಾವೇರಿ ಮುಖಜ ಭೂಮಿ, ಎಲ್ಲಾ ಕಡೆ ತೂತು ಹೊಡೀಬೇಕು."

"ಎಲ್ಲಾ ಈಗಲೇ ಕುಡಿದುಬಿಟ್ರೆ ಮೊಮ್ಮಕ್ಕಳಿಗೆ ಏನಿಡ್ತೀರಿ ಸಾರ್?" ಅಕೌಂಟೆಂಟ್ ಕೇಳುವರು.

"ಮೊಮ್ಮಕ್ಕಳು ಎತ್ತಿನ ಗಾಡಿ ಹೊಡೀಲಿ."

ನಾನು ಕಾನ್ವೆಂಟಿನಲ್ಲಿ ಡಿಬೇಟಿಂಗ್ ಸೊಸೈಟಿಯ ಸೆಕ್ರೆಟರಿ ಆಗಿದ್ದವಳು. ನಾಲಗೆ ತುರಿಸುತ್ತಿತ್ತು. ಒಮ್ಮೆ ಬಾಯಿ ಹಾಕಿದೆ, "ತೂತು ಹೊಡೆಯೋದು ಯಾರ ಜಮೀನಿನಲ್ಲಿ ಸಾರ್?" ಅಂತ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಮೇಡಂ, ನೀವು ಶಾರ್ಟ್‌ಹ್ಯಾಂಡ್ ತಗೊಳ್ಳಿ, ಸಾಕು," ಅಂದರು.

ಅದನ್ನು ನಾನು ನುಂಗಿಕೊಂಡೆ. ನುಂಗಲಾಗದ್ದು ಅದರ ಮುಂದಿನ ತಿಂಗಳು ಬಂತು. ರೇಟು ಮತ್ತೆ ಏರಿದ ಬೆಳಿಗ್ಗೆ, ಎಂಟನೇ ಕ್ರಾಸಿನ ನನ್ನ ಮೂಲೆಯಲ್ಲಿ ಕಾರು ನಿಂತಿತು, ಬಾಗಿಲು ತೆರೆಯಲಿಲ್ಲ. ಮ್ಯಾನೇಜರ್ ಗಾಜು ಇಳಿಸಿದರು.

"ರೇಟ್ ನೋಡಿದ್ರಲ್ಲ ಮೇಡಂ. ಇನ್ನು ನಿಮಗೆ ಸೀಟು ಕಷ್ಟ. ಒಬ್ಬರ ಪಾಲು ಕೊಟ್ಟು ಇಬ್ಬರು ಬರ್ತಿದ್ದೀರಿ."

ಒಳಗೆ ನಗು. ಅಕೌಂಟೆಂಟರು ಆಚೆ ಕಡೆಯ ಅಂಗಡಿ ಬೋರ್ಡ್ ಓದುತ್ತಾ ನಕ್ಕರು.

"ಡೆಲಿವರಿ ಆದಮೇಲೆ ನೋಡೋಣ ಬಿಡಿ," ಅಂದರು ಮ್ಯಾನೇಜರು. "ಈಗ ಲೋಡ್ ಜಾಸ್ತಿ."

ಕಾರು ಹೋಯಿತು. ನಾನು ಕಾಟನ್ ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಬಸ್ ಸ್ಟಾಪಿಗೆ ನಡೆದೆ. ಅಳಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಫರ್ಗಿವ್‌ನೆಸ್ ಬಗ್ಗೆ ಎಷ್ಟೋ ಪಾಠ ಮಾಡಿದ್ದರು. ಒಂದೂ ನೆನಪಿಗೆ ಬರಲಿಲ್ಲ.

ಬಸ್ಸಿನಲ್ಲಿ ಜೋತುಬಿದ್ದು, ಯಶವಂತಪುರದಲ್ಲಿ ಇನ್ನೊಂದು ಹಿಡಿದು, ಕೊನೆಗೆ ಶೆಡ್ಡುಗಳ ಮಧ್ಯದ ಮಣ್ಣುರಸ್ತೆಯಲ್ಲಿ ನಡೆದು ಗೇಟು ಮುಟ್ಟುವ ಹೊತ್ತಿಗೆ ಸೈರನ್ ಆಗಿರುತ್ತಿತ್ತು. ಲೇಟ್ ಮಾರ್ಕ್ ಹಾಕುವವರು ಮ್ಯಾನೇಜರೇ. ತಾವೇ ರಸ್ತೆಯಲ್ಲಿ ಬಿಟ್ಟು ಬಂದವಳಿಗೆ ತಾವೇ ಮಾರ್ಕ್ ಹಾಕಿ, "ಪಂಕ್ಚುಯಾಲಿಟಿ ಇಲ್ದೇ ಕನ್ಫರ್ಮೇಶನ್ ಹೇಗೆ ಮೇಡಂ?" ಅನ್ನುವರು. ದನಿಯಲ್ಲಿ ಕೋಪವೂ ಇರುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯುತ್ತಿತ್ತು.

ಆ ದಿನಗಳಲ್ಲಿ ನನ್ನ ಮೂಗು ನನ್ನ ಕೈಯಲ್ಲಿರಲಿಲ್ಲ. ಬಸುರಿಯ ಮೂಗು. ಪಕ್ಕದ ಮನೆಯ ಒಗ್ಗರಣೆಗೆ ಕಿಟಕಿ ಮುಚ್ಚುತ್ತಿದ್ದೆ, ಲೇತ್ ಮೆಷಿನ್ನುಗಳ ಕೂಲೆಂಟ್ ಎಣ್ಣೆಯ ವಾಸನೆಗೆ ಕರ್ಚೀಫು ಮೂಗಿಗೆ ಬರುತ್ತಿತ್ತು. ಹಾಗೆ ಒಂದು ಶನಿವಾರ ಊಟದ ನಂತರ ಮ್ಯಾನೇಜರ್ ಡಿಕ್ಟೇಶನ್‌ಗೆ ಕರೆದರು. "ಡಿಯರ್ ಸರ್ಸ್" ಅಂತ ಬಾಯಿ ಬಿಟ್ಟರು ನೋಡಿ, ಪೆಟ್ರೋಲ್ ವಾಸನೆ. ಬಟ್ಟೆಯದಲ್ಲ, ಕೈಯದಲ್ಲ, ಉಸಿರಿನದು. ಮೇಲಿಂದ ಏಲಕ್ಕಿ, ಮೇಜಿನ ಮೇಲೆ ಕ್ಯಾಂಟೀನಿನ ಮಜ್ಜಿಗೆ ಲೋಟ. ಮುಂದಿನ ಶನಿವಾರವೂ ಹಾಗೇ. ಬೇರೆ ದಿನ ಇಲ್ಲ.

ಅದೇ ವಾರ ಕಾರ್ಖಾನೆಯ ಜೀಪಿನ ಡ್ರೈವರ್ ನನ್ನ ಟೈಪ್‌ರೈಟರಿನ ಮುಂದೆ ಬಂದು ನಿಂತ. ಪೀಣ್ಯ ಹಳ್ಳಿಯವನೇ. ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೊಲ ಹೋದ ಮೇಲೆ ಮನೆಮಂದಿ ರಾಜಗೋಪಾಲನಗರದಲ್ಲಿದ್ದರು. ಮಧ್ಯಾಹ್ನ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದ.

"ಅಕ್ಕಾವ್ರೇ, ನಂಗೆ ಮೆಮೋ ಟೈಪ್ ಮಾಡ್ತಿದ್ದೀರಂತೆ," ಅಂದ.

ಹೌದು. ಜೀಪು ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಡ್ರೈವರ್ ಕದ್ದು ಮಾರುತ್ತಿದ್ದಾನೆ ಎಂಬ ಅನುಮಾನವಿದೆ, ಅಂತ. ಡಿಕ್ಟೇಟ್ ಮಾಡಿದ್ದು ಮ್ಯಾನೇಜರೇ.

"ನಾನ್ಯಾಕೆ ಕದೀಲಿ? ನಮ್ಮನೇಲಿ ಎತ್ತಿಗೆ ಕುಡಿಸ್ಲಾ ಪೆಟ್ರೋಲು?" ಅಂದ. ಆಮೇಲೆ ಮೆಲ್ಲಗೆ, "ಶೆಡ್ನಲ್ಲಿ ನಾನು ತಗುಲಾಕಿರೋ ಟ್ಯೂಬು ಶನಿವಾರ ಉಂಡು ಬರೋವೊತ್ತಿಗೆ ಒದ್ದೆಯಾಗಿರ್ತದೆ ಅಕ್ಕಾವ್ರೇ. ಯಾರ್ತಾವ ಏಳ್ಲಿ?"

ಆಗೆಲ್ಲ ಪ್ರತಿ ಶೆಡ್ಡಿನಲ್ಲೂ ಅಂಥದ್ದೊಂದು ರಬ್ಬರ್ ಟ್ಯೂಬು ಇರುತ್ತಿತ್ತು. ಒಂದು ತುದಿ ಟ್ಯಾಂಕಿಗೆ, ಇನ್ನೊಂದು ಬಾಯಿಗೆ. ಒಂದು ಸಲ ಜೋರಾಗಿ ಎಳೆದು, ಪೆಟ್ರೋಲ್ ನಾಲಗೆಗೆ ತಾಗಿದ ಕೂಡಲೇ ಕ್ಯಾನಿಗೆ ಬಿಡಬೇಕು. ಗಂಟಲು ಉರಿಯದಿರಲು ಮೇಲಿಂದ ಮಜ್ಜಿಗೆ. ನನ್ನ ಸೀಟಿನ ಪಾಲು ಹೋದಮೇಲೆ ಆ ಪಾಲು ಎಲ್ಲಿಂದ ತುಂಬುತ್ತಿದೆ ಅನ್ನುವುದು ನನಗೆ ಅಲ್ಲೇ ತಿಳಿಯಿತು.

ನಮ್ಮ ಮಾಲೀಕರ ಹತ್ತಿರ ಹೋಗಿ ಹೇಳಬಹುದಿತ್ತು. ಪ್ರೊಬೇಷನ್ ಸ್ಟೆನೋ ಮಾತು ಯಾರು ನಂಬುತ್ತಾರೆ? ಅದಲ್ಲದೆ, ನಿಜ ಹೇಳುತ್ತೇನೆ, ಮುಚ್ಚಿದ ಕ್ಯಾಬಿನ್ನಿನಲ್ಲಿ ಅವರಿಗೆ ಬೈಗುಳ ಸಿಕ್ಕರೆ ನನಗೆ ಸಾಲದಾಗಿತ್ತು. ನನ್ನನ್ನು ನೋಡಿ ಕಾರು ತುಂಬ ಜನ ನಕ್ಕಿದ್ದರು. ನನಗೂ ಜನ ಬೇಕಿತ್ತು.

ಜನ ಸೇರುವ ದಿನ ಹತ್ತಿರವೇ ಇತ್ತು. ಪ್ರತಿ ನವೆಂಬರಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿ ರಾಜ್ಯೋತ್ಸವ. ಆ ವರ್ಷದ ಚರ್ಚಾಸ್ಪರ್ಧೆಗೆ ಮಾಲೀಕರೇ ವಿಷಯ ಕೊಟ್ಟಿದ್ದರು: ನಮ್ಮ ನೆಲದ ಎಣ್ಣೆಯನ್ನು ನಾವೇ ಕೊರೆದು ತೆಗೆಯಬೇಕೇ, ಬೇಡವೇ. ದಿನ ಶನಿವಾರ, ಊಟವಾದ ಮೇಲೆ. ಪರವಾಗಿ ಮೊದಲ ಹೆಸರು ಮ್ಯಾನೇಜರದು. ವಿರೋಧಕ್ಕೆ ನಾನು ಹೆಸರು ಕೊಟ್ಟೆ.

"ಕಾನ್ವೆಂಟ್ ಕನ್ನಡ ಕೇಳೋ ಭಾಗ್ಯ," ಅಂದರು ಮ್ಯಾನೇಜರು.

"ಮೊದಲು ನೀವು ಮಾತಾಡಿ ಸಾರ್, ಆಮೇಲೆ ನಾನು," ಅಂದೆ. ಎದುರಾಳಿಗೆ ಬಾಯಿ ತೆರೆಯಲು ಪೂರ್ತಿ ಅವಕಾಶ ಕೊಡಿ ಗರ್ಲ್ಸ್, ಅನ್ನುತ್ತಿದ್ದರು ನಮ್ಮ ಡಿಬೇಟ್ ಸಿಸ್ಟರ್. ಅದೊಂದು ಪಾಠ ನನಗೆ ಚೆನ್ನಾಗಿ ನೆನಪಿತ್ತು.

ಇಲ್ಲಿ ನೀಲಿಯ ವಿಷಯ ಹೇಳಬೇಕು. ಮೆಷಿನ್ ಟೂಲ್ ಕಾರ್ಖಾನೆಗಳಲ್ಲಿ ಮಾರ್ಕಿಂಗ್ ಬ್ಲೂ ಅಂತ ಒಂದು ಜಿಡ್ಡಿನ ಬಣ್ಣ. ಎರಡು ಲೋಹದ ಮುಖಗಳು ಸರಿಯಾಗಿ ಕೂರುತ್ತವೋ ಇಲ್ಲವೋ ನೋಡಲು ಫಿಟ್ಟರುಗಳು ಒಂದಕ್ಕೆ ಅದನ್ನು ತೆಳ್ಳಗೆ ಸವರಿ ಇನ್ನೊಂದರ ಮೇಲೆ ಉಜ್ಜುತ್ತಾರೆ. ಎಲ್ಲಿ ತಾಗಿತೋ ಅಲ್ಲಿ ನೀಲಿ. ಅದಕ್ಕೆ ಹೈ ಸ್ಪಾಟ್ ಅನ್ನುತ್ತಾರೆ. ಆ ನೀಲಿ ಒಣಗುವುದಿಲ್ಲ, ನೀರಿಗೆ ಹೋಗುವುದಿಲ್ಲ. ಹೊಸಬರು ಕೈಗೆ ಮಾಡಿಕೊಂಡರೆ ವಾರವಿಡೀ ಅನ್ನ ತಿನ್ನಲು ನಾಚುತ್ತಿದ್ದರು.

ಶನಿವಾರ ಊಟದ ಬೆಲ್ಲಿಗೆ ಮುಂಚೆ ಇನ್‌ಸ್ಪೆಕ್ಷನ್ ರೂಮಿನಿಂದ ಒಂದು ಉಗುರಿನಷ್ಟು ನೀಲಿಯನ್ನು ಟಿಫನ್ ಡಬ್ಬಿಯ ಮುಚ್ಚಳಕ್ಕೆ ತೆಗೆದುಕೊಂಡೆ. ಜೀಪಿನ ಶೆಡ್ಡಿಗೆ ಹೋಗಿ ಬೆಂಕಿಕಡ್ಡಿಯಲ್ಲಿ ಟ್ಯೂಬಿನ ಎರಡೂ ತುದಿಗೆ, ಒಳಗೂ ಹೊರಗೂ ಸವರಿದೆ. ಕರೀ ರಬ್ಬರು, ಕತ್ತಲ ಶೆಡ್ಡು, ಏನೂ ಕಾಣುವಂತಿರಲಿಲ್ಲ. ಸೆರಗಿಗೆ ಒಂದು ಚುಕ್ಕೆ ತಾಗಿತು. ಡ್ರೈವರ್ ಬಾಗಿಲಲ್ಲಿ ಕಾವಲು ನಿಂತಿದ್ದ.

"ಪಾಪ ಅಲ್ವ ಅಕ್ಕಾವ್ರೇ?" ಅಂದ.

"ಪಾಪ ನನ್ನ ಕಡೆಗಿರಲಿ. ನೀನು ಊಟಕ್ಕೆ ಹೋಗು," ಅಂದೆ.

ಶಾಮಿಯಾನದ ಮುಂದಿನ ಸಾಲಿನಲ್ಲಿ ಮಾಲೀಕರು, ಹಿಂದೆ ಟೂಲ್‌ರೂಮ್, ಅಸೆಂಬ್ಲಿ, ಎಲ್ಲರೂ. ಮ್ಯಾನೇಜರ್ ಅವಸರವಸರವಾಗಿ ಬಂದು ನೇರ ಮೈಕಿಗೆ ಹತ್ತಿದರು. ಮೀಸೆಯ ಕೆಳಗೆ ತುಟಿ ನೀಲಿ, ಬಾಯಿ ತೆರೆದರೆ ಮುಂದಿನ ಹಲ್ಲುಗಳ ಅಂಚು ನೀಲಿ. ಗಾಡಿಗಳದ್ದು ಬಿಟ್ಟರೆ ಕಾರ್ಖಾನೆಯಲ್ಲಿ ಕನ್ನಡಿ ಇದ್ದದ್ದು ನನ್ನ ಪರ್ಸಿನಲ್ಲಿ ಮಾತ್ರ.

"ಬಂಧುಗಳೇ, ನಮ್ಮ ಎಣ್ಣೆ ನಮ್ಮ ಕಾಲ ಕೆಳಗೇ ಇದೆ," ಅಂದರು. "ಯಾರ ಅಪ್ಪಣೆಗೂ ಕಾಯಬಾರದು. ಎಲ್ಲಿದೆಯೋ ಅಲ್ಲಿಗೆ ಪೈಪು ಇಳಿಸಬೇಕು, ಎಳೆಯಬೇಕು."

ಮೊದಲು ಯಾರೋ ಕೆಮ್ಮಿದರು. ಆಮೇಲೆ ಟೂಲ್‌ರೂಮಿನ ಸಾಲು ತಲೆ ತಗ್ಗಿಸಿತು, ಭುಜಗಳು ಅಲುಗುತ್ತಿದ್ದವು. ಮ್ಯಾನೇಜರ್ ಅದನ್ನು ಮೆಚ್ಚುಗೆ ಅಂದುಕೊಂಡು ದನಿ ಏರಿಸಿದರು. ಹಿಂದಿನಿಂದ ಒಬ್ಬ ಫಿಟ್ಟರ್ ನಿಧಾನವಾಗಿ ಕೇಳಿದ, "ಸಾರ್, ಹೈ ಸ್ಪಾಟ್ ಎಲ್ಲಿ ಬಂತು?" ಶಾಮಿಯಾನ ಕಿತ್ತುಕೊಂಡು ಹೋಗುವಷ್ಟು ನಗು.

ನನ್ನ ಸರದಿ. ಹೊಟ್ಟೆ ಹೊತ್ತು ಮೆಟ್ಟಿಲೇರಿ ಮೈಕ್ ತಗ್ಗಿಸಿಕೊಂಡೆ.

"ನಾನು ವಿರೋಧಕ್ಕೆ ಹೆಸರು ಕೊಟ್ಟವಳು. ಆದರೆ ಎಣ್ಣೆ ತೆಗೆಯುವುದೇ ಬೇಡ ಅನ್ನಲಾರೆ. ತೆಗೆಯುವ ಮುಂಚೆ ಅದು ಯಾರದು ಅಂತ ಕೇಳಬೇಕು, ಖಾಲಿಯಾದಾಗ ತಪ್ಪು ಯಾರ ತಲೆಗೆ ಕಟ್ಟುತ್ತೀರಿ ಅಂತಲೂ ಕೇಳಬೇಕು. ನಮ್ಮ ಕಾರ್ಖಾನೆಯಲ್ಲೇ ಒಂದು ಬಾವಿ ಇದೆ. ಜೀಪಿನ ಶೆಡ್ಡಿನಲ್ಲಿ. ಅಲ್ಲಿ ತೂಗುಹಾಕಿದ ಟ್ಯೂಬಿನ ಬಾಯಿಗೆ ಇವತ್ತು ಮಾರ್ಕಿಂಗ್ ಬ್ಲೂ ಸವರಿದ್ದೇನೆ. ಅದು ಯಾರ ಬಾಯಿಗೆ ತಾಗಿದೆ ಅನ್ನುವುದನ್ನು ಮಾಲೀಕರು ನೋಡಬೇಕು. ಮೆಮೋ ಸಿಕ್ಕ ಡ್ರೈವರ್ ಬಾಯನ್ನೂ ನೋಡಬೇಕು."

ಮಾಲೀಕರು ಕಣ್ಣಲ್ಲೇ ಡ್ರೈವರನ್ನು ಕರೆದರು. ಅವನು ಬಾಯಿ ಅಗಲಿಸಿದ.

"ಕೆಂಪಗಿದೆ," ಅಂದರು ಮಾಲೀಕರು.

"ಎಲೆಯಡಿಕೆ, ಬುದ್ಧಿ," ಅಂದ ಅವನು.

ಮಾಲೀಕರು ಮ್ಯಾನೇಜರ ಕಡೆ ತಿರುಗಿ ತಮ್ಮ ಬಿಳೀ ಕರ್ಚೀಫು ಚಾಚಿದರು. ಮ್ಯಾನೇಜರ್ ತುಟಿ ಒರೆಸಿಕೊಂಡು, ಕರ್ಚೀಫು ನೋಡಿ, ಅಲ್ಲೇ ಕುಳಿತರು. ಆ ಮುಖವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ನೋಡಿ ನೋಡಿ ತುಂಬಿಸಿಕೊಂಡೆ.

ಅವರ ಕೆಲಸ ಹೋಗಲಿಲ್ಲ. ಅಂಥವರ ಕೆಲಸ ಎಲ್ಲಿ ಹೋಗುತ್ತದೆ? ಕಾರು ಕಾರ್ಖಾನೆಯ ಗೇಟಿನೊಳಗೆ ಬರಕೂಡದು ಅಂತಾಯಿತು, ಅಷ್ಟೆ. ಗೇಟಿನೊಳಗೆ ಬಿಡದ ಕಾರನ್ನು ಅವರು ತರುವುದೇ ಬಿಟ್ಟರು. ಡ್ರೈವರನ ಮೆಮೋ ಹರಿದುಹೋಯಿತು. ನನ್ನ ಲೇಟ್ ಮಾರ್ಕುಗಳ ಕಾರಣ ಮಾಲೀಕರು ವಿಚಾರಿಸಿದರು, ನಾನು ಇದ್ದದ್ದು ಹೇಳಿದೆ, ಕನ್ಫರ್ಮೇಶನ್ ಆರ್ಡರನ್ನು ನಾನೇ ಟೈಪ್ ಮಾಡಿಕೊಂಡೆ. ಬೆಳಿಗ್ಗೆ ಟಪಾಲು ತರಲು ಪೇಟೆಗೆ ಹೋಗುವ ಜೀಪು ವಾಪಸ್ ಬರುವಾಗ ನನ್ನನ್ನು ಹತ್ತಿಸಿಕೊಂಡು ಬರಲಿ ಅಂತಲೂ ಆಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಸೋಮವಾರ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. ಸೀಮೆಎಣ್ಣೆ ಹಾಕಿ ಉಜ್ಜಿದ್ದರೂ ತುಟಿಯ ಮೂಲೆಯಲ್ಲಿ ನೀಲಿ ಉಳಿದಿತ್ತು.

"ನಾನು ನಿಮಗೆ ಏನು ಮಾಡಿದ್ದೆ ಮೇಡಂ?" ಅಂದರು.

ನಾಟಕವಲ್ಲ. ನಿಜವಾಗಿ ಕೇಳುತ್ತಿದ್ದರು. ಅವರಿಗೆ ಆ ಬೆಳಗು, ಆ ಗಾಜು, ಆ ಮಾತು ಯಾವುದೂ ನೆನಪಿರಲಿಲ್ಲ. ನಾನು ಎಷ್ಟೋ ವಾರ ಅದನ್ನೇ ತಿಂದು ಅದನ್ನೇ ಹೊದ್ದು ಮಲಗಿದ್ದೆ. ನನ್ನ ಗೆಲುವಿನಲ್ಲಿ ಅರ್ಧ ಅಲ್ಲೇ ಸೋರಿಹೋಯಿತು. ಕಾಗದ ಏರಿಸಿ ಟೈಪ್ ಮಾಡತೊಡಗಿದೆ.

ಅವರ ಪ್ರಶ್ನೆಗೆ ಉತ್ತರ ಆಮೇಲೆ ಕೊಟ್ಟೆ. ಒಂದು ಬೆಳಿಗ್ಗೆ ಯಶವಂತಪುರದ ಸ್ಟಾಪಿನಲ್ಲಿ ಬಸ್ಸು ಹತ್ತಲಾಗದೆ ನಿಂತ ಗುಂಪಿನಲ್ಲಿ ಮ್ಯಾನೇಜರ್ ಇದ್ದರು. ಜೀಪು ನೋಡಿ ಅರ್ಧ ಕೈ ಎತ್ತಿದರು. ಡ್ರೈವರ್ ವೇಗ ಇಳಿಸಿ, "ಅತ್ತಿಸ್ಕೊಳ್ಲಾ ಅಕ್ಕಾವ್ರೇ?" ಅಂದ. ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು.

ನಾನು ಕ್ಯಾನ್ವಾಸ್ ಪರದೆ ಸರಿಸಿ, ಅವರಿಗೆ ಕೇಳುವ ಹಾಗೆ ಹೇಳಿದೆ.

"ಜಾಗ ಇಲ್ಲಪ್ಪ. ಆಗಲೇ ಮೂರು ಜನ ಇದ್ದೀವಿ. ಲೋಡ್ ಜಾಸ್ತಿ."

ಅವರ ಎತ್ತಿದ ಕೈ ಹಾಗೇ ನಿಂತಿತು. ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದ ಹಾಗೆ, ಅವರಿಗೆ ನೆನಪಾಯಿತು. ಅದು ಮುಖದ ಮೇಲೆ ಬರುವುದನ್ನು ಪೂರ್ತಿ ನೋಡುವವರೆಗೂ ನಾನು ಡ್ರೈವರಿಗೆ ಹೊರಡು ಅನ್ನಲಿಲ್ಲ.