ನಮ್ಮೂರ ಮುದುಕರ ದೋಣಿ

ಕಬಿನಿ ಅಣೆಕಟ್ಟೆಯ ನೀರು ನಮ್ಮೂರನ್ನು ಮುಳುಗಿಸಿದ ಮರುವರ್ಷ ಅಪ್ಪ ತಮ್ಮ ಓರಗೆಯ ಏಳು ಮುದುಕರನ್ನು ಸೇರಿಸಿ ದೋಣಿ ನಡೆಸುವ ತಂಡ ಕಟ್ಟಿದರು. ಒಬ್ಬರೂ ಹಿಂದೆ ಹುಟ್ಟು ಹಿಡಿದವರಲ್ಲ. ಹೆತ್ತವರನ್ನು ಮಣ್ಣು ಮಾಡಿದ ಜಾಗದ ಮೇಲೆ ಹಾಲು ಬಿಡಬೇಕೆಂಬುದೊಂದೇ ಅವರ ಆಸೆ. ಬೇಸಿಗೆಯೆಲ್ಲ ದಡದ ಪಕ್ಕದ ನೀರಿನಲ್ಲೇ ಕಲಿತರು. ಎಲ್ಲರ ಹುಟ್ಟೂ ಒಟ್ಟಿಗೆ ಬೀಳಲೆಂದು ಲೆಕ್ಕ ಕೂಗುತ್ತಿದ್ದವಳು ನಾನು.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಡುನೀರಿಗೆ ಹೋದೆವು. ಅಪ್ಪ ಹಾಲಿನ ಚೊಂಬು ಎತ್ತಿ, "ಇಲ್ಲೇ ಕಣ್ರಲಾ, ನಮ್ಮವ್ವ ಮಲಗಿರೋದು" ಎಂದರು.

"ಇಲ್ಲಲ್ಲ ಕಣೋ, ಅತ್ಲಾಗೆ" ಎಂದರು ಪಕ್ಕದವರು. ಮತ್ತೊಬ್ಬರು ಬೇರೆಯೇ ದಿಕ್ಕು ತೋರಿಸಿದರು. ಸುತ್ತ ಎಲ್ಲಿ ನೋಡಿದರೂ ಒಂದೇ ನೀರು.

ಅಪ್ಪ ಮಗುವಿನಂತೆ ಅತ್ತರು. ಹಾಲನ್ನು ಹಾಗೆಯೇ ವಾಪಸು ತಂದೆವು. ಆ ದೋಣಿಯನ್ನು ಅವರು ಮತ್ತೆ ನೀರಿಗಿಳಿಸಲಿಲ್ಲ.