ಭರಮಪ್ಪ ಕೇಳಿದ ಸೂಜಿ

೨೦೦೦ನೇ ಇಸವಿಯಲ್ಲಿ ನಾನು ಖಾನಾಪುರದಲ್ಲಿ ಪಶುವೈದ್ಯನಾಗಿದ್ದೆ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ವಾರವಿಡೀ ಖಾನಾಪುರದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಬಸ್ಸು ಹಿಡಿಯುತ್ತಿದ್ದೆ. ನೌಕರಿಯುದ್ದಕ್ಕೂ ದನ, ಎಮ್ಮೆ, ಕುರಿ, ನಾಯಿ ಎಲ್ಲಕ್ಕೂ ಸೂಜಿ ಚುಚ್ಚಿದ್ದೇನೆ, ಒದೆ ತಿಂದಿದ್ದೇನೆ, ಕೋಡಿನಿಂದ ಹಾಯಿಸಿಕೊಂಡಿದ್ದೇನೆ. ಮನುಷ್ಯನೊಬ್ಬ ತನಗೇ ಸೂಜಿ ಹಾಕಿರೆಂದು ನನ್ನನ್ನು ಕೇಳಿದ್ದು ಮಾತ್ರ ಒಂದೇ ಸಲ.

ನಮ್ಮ ವೃತ್ತಿಗೆ ದಯಾಮರಣ ಹೊಸದಲ್ಲ. ಇಂಗ್ಲಿಷಿನಲ್ಲಿ ಯುಥನೇಸಿಯಾ ಅನ್ನುತ್ತಾರೆ. ಇನ್ನು ಉಳಿಯುವುದಿಲ್ಲವೆಂದು ಖಾತ್ರಿಯಾದ, ವಿಪರೀತ ನರಳುತ್ತಿರುವ ಪ್ರಾಣಿಗೆ ಔಷಧಿಯಿಂದ ನಿದ್ದೆ ಬರಿಸಿ, ಆ ನಿದ್ದೆಯಲ್ಲೇ ಉಸಿರು ನಿಲ್ಲುವಂತೆ ಮಾಡುವುದು. ಕಾನೂನು ಇದನ್ನು ಒಪ್ಪುತ್ತದೆ, ಜನ ಒಪ್ಪುವುದೇ ಕಷ್ಟ. ಸಂಜೆ ಕೈ ಮುಗಿದು "ಬಿಡಿಸಿಬಿಡ್ರಿ ಸಾಹೇಬ್ರ" ಎಂದವರೇ ಬೆಳಿಗ್ಗೆ ಚಹಾದಂಗಡಿಯಲ್ಲಿ ಕೂತು "ಡಾಕ್ಟ್ರು ಕೊಂದ್ರು ನೋಡ್ರಿ" ಎನ್ನುತ್ತಾರೆ! ಇಂಥದ್ದನ್ನು ಅನುಭವಿಸಿ ಸಾಕಾಗಿ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮಾಲಕ ಪ್ರಾಣಿಯ ಮೈಮೇಲೆ ಕೈಯಿಟ್ಟು, ಮನೆಮಂದಿಯೆಲ್ಲ ಕೇಳುವಂತೆ, "ಹೌದು, ಕೊಡ್ರಿ" ಎಂದು ಬಾಯಿಬಿಟ್ಟು ಹೇಳಬೇಕು. ಬರೀ ತಲೆಯಾಡಿಸಿದರೆ ನಾನು ಸಿರಿಂಜು ಮುಟ್ಟುತ್ತಿರಲಿಲ್ಲ.

ನಂದಗಡದ ಭರಮಪ್ಪನಿಗೆ ಈ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಕುರಿ, ಎಮ್ಮೆ ಸಾಕಿಕೊಂಡು ಬಂದ ಮನೆತನ ಅವನದು. ಹಿಂದಿನ ಮಳೆಗಾಲದಲ್ಲಿ ಅವನ ಎಮ್ಮೆ ಹಳ್ಳದ ದಂಡೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಬಿದ್ದಲ್ಲೇ ಒರಲುತ್ತಿತ್ತು. ಭರಮಪ್ಪ ಅದರ ಕೋಡುಗಳ ನಡುವೆ ಕೈಯಿಟ್ಟು ನೇವರಿಸಿದ. ಹೆಂಡತಿ ಲಗಮವ್ವ ಮುಖ ತಿರುಗಿಸಿ ನಿಂತಿದ್ದಳು. ಕೊನೆಗೆ ಅವನು "ಹೌದ್ರಿ, ಕೊಡ್ರಿ" ಎಂದ. ಎಲ್ಲ ಮುಗಿದ ಮೇಲೆ "ಎಷ್ಟ್ ಸುಮ್ನ ಹೋತ್ರಿ" ಎಂದಷ್ಟೇ ಹೇಳಿದ್ದ.

ಆಮೇಲೆ ಸುಮಾರು ಒಂದು ವರ್ಷ ಅವನ ಮುಖ ಕಂಡಿರಲಿಲ್ಲ. ಒಂದು ದಿನ ಮಗ ಸಿದ್ಧಪ್ಪ ದವಾಖಾನೆಗೆ ಬಂದ. ಅವನು ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. "ಅಪ್ಪ ಕರೀಯಾಕತ್ತಾನ್ರಿ. ನಿಮ್ಮನ್ನ ಕರಕೊಂಡ್ ಬಾ ಅಂತ ಒಂದ ಸಮ ಹಟಾ ಹಿಡದಾನ" ಎಂದ. ಯಾವುದೋ ದನಕ್ಕೆ ಆರಾಮಿಲ್ಲವೆಂದುಕೊಂಡು ಬ್ಯಾಗು ಎತ್ತಿಕೊಂಡು ಹೋದೆ. ದನ ಎಲ್ಲಿ ಬಂತು! ಪಡಸಾಲೆಯ ಹೊರಸಿನ ಮೇಲೆ ಭರಮಪ್ಪ ಮಲಗಿದ್ದ. ಎಲುಬಿನ ಹಂದರವಾಗಿದ್ದ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಬೆನ್ನುಮೂಳೆಗೂ ಸೊಂಟದ ಎಲುಬಿಗೂ ಹಬ್ಬಿ, ಕಾಲುಗಳ ಶಕ್ತಿ ಹೋಗಿತ್ತು. ದೊಡ್ಡ ಆಸ್ಪತ್ರೆಯವರು ಇನ್ನು ಮಾಡುವಂಥದ್ದೇನಿಲ್ಲ ಎಂದು ಮನೆಗೆ ಕಳಿಸಿದ್ದರು.

ಲಗಮವ್ವನನ್ನೂ ಮಗನನ್ನೂ ಅವನೇ ಹತ್ತಿರ ಕರೆದ. ಒಂದು ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ.

"ಮಾಲಕ ಬಾಯಿಬಿಟ್ಟು ಹೇಳಬೇಕಲ್ರಿ? ಈ ಮೈಗೆ ನಾನ ಮಾಲಕ. ಹೌದ್ರಿ, ಕೊಡ್ರಿ."

ಲಗಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸಿದ್ಧಪ್ಪ "ಅಪ್ಪಾ, ತಲಿ ಕೆಟ್ಟೈತೇನ ನಿಂದು!" ಎಂದು ಚೀರಿದ. ನಾನು ಕಾನೂನಿನ ಮಾತು ತೆಗೆದೆ. ಮನುಷ್ಯನಿಗೆ ಹಾಗೆ ಮಾಡಿದರೆ ಅದು ಕೊಲೆ, ನನಗೆ ಜೈಲಾಗುತ್ತದೆ ಎಂದೆ.

"ಹಂಗಾರ ನೀವು ಚುಚ್ಚಬ್ಯಾಡ್ರಿ. ಔಷಧ ಇಲ್ಲಿ ಇಟ್ಟು ಹೋಗ್ರಿ. ನಾ ತಗೋತೀನಿ."

ವೈದ್ಯಕೀಯ ನೀತಿಶಾಸ್ತ್ರದ ಪುಸ್ತಕಗಳು ಇವೆರಡನ್ನು ಬೇರೆ ಬೇರೆ ಮಾಡುತ್ತವೆ. ವೈದ್ಯನೇ ಸೂಜಿ ಹಾಕಿದರೆ ದಯಾಮರಣ, ವೈದ್ಯ ಕೊಟ್ಟಿದ್ದನ್ನು ರೋಗಿ ತಾನೇ ತೆಗೆದುಕೊಂಡರೆ ವೈದ್ಯನ ನೆರವಿನ ಆತ್ಮಹತ್ಯೆ. ಯಾವ ಪುಸ್ತಕವನ್ನೂ ಓದದೆ ಭರಮಪ್ಪ ಎರಡನ್ನೂ ನನ್ನ ಮುಂದಿಟ್ಟಿದ್ದ. ನಮ್ಮ ಕಾನೂನಿನಲ್ಲಿ ಎರಡೂ ಅಪರಾಧವೇ. ಅದನ್ನೂ ಹೇಳಿದೆ. ಅವನಿಗೆ ಸಿಟ್ಟು ಬಂತು.

"ನಾ ಕಾನೂನಿಗೆ ಕೇಳಿಲ್ರಿ, ನಿಮಗ ಕೇಳೀನಿ. ಆ ಎಮ್ಮಿನೂ ಏಳಂಗಿರಲಿಲ್ಲ, ನಾನೂ ಏಳಂಗಿಲ್ಲ. ಎಮ್ಮಿ ಮ್ಯಾಲ ಬಂದ ಕರುಣಾ ನನ್ನ ಮ್ಯಾಲ ಯಾಕ ಬರವಲ್ದು?"

"ಆಗೂದಿಲ್ಲ ಭರಮಪ್ಪಾ" ಎಂದಷ್ಟೇ ಹೇಳಿ ಎದ್ದೆ. ಲಗಮವ್ವ ಅಂಗಳದವರೆಗೆ ಬಂದಳು. "ಕೊಡ್ರಿ ಅಂತ ನಾ ಹೆಂಗ ಹೇಳ್ಲಿ? ಕೊಡಬ್ಯಾಡ್ರಿ ಅನ್ನಾಕೂ ಬಾಯಿ ಬರವಲ್ದು. ರಾತ್ರೆಲ್ಲಾ ನೋವಿಗೆ ಅವರು ಒರಲೂದು ಕೇಳಾಕ ಆಗೂದಿಲ್ರಿ" ಎಂದು ಅತ್ತಳು. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಆ ಎಮ್ಮೆಗೆ ನಾನು ಸೂಜಿ ಕೊಟ್ಟಿದ್ದು ಯಾಕೆ? ಅದರ ನೋವು ಇಳಿಸಿ ಇಟ್ಟುಕೊಳ್ಳುವ ದಾರಿ ನನ್ನ ಹತ್ತಿರ ಇರಲಿಲ್ಲ. ಈ ಮನುಷ್ಯನ ನೋವು ಇಳಿಸಲು ಯಾರಾದರೂ ಸರಿಯಾಗಿ ಯತ್ನ ಮಾಡಿದ್ದರೇ? ಹೊರಸಿನ ಪಕ್ಕದಲ್ಲಿ ನಾನು ಕಂಡದ್ದು ತಲೆನೋವಿಗೆ ನುಂಗುವ ಮಾಮೂಲಿ ಗುಳಿಗೆಗಳು ಮಾತ್ರ.

ಟಿಳಕವಾಡಿಯಲ್ಲಿ ನಮ್ಮ ಬಾಜು ಮನೆಯಲ್ಲಿ ಡಾಕ್ಟರ್ ಶೈಲಜಾ ಇದ್ದರು. ಅರಿವಳಿಕೆ ತಜ್ಞೆ, ಮಾತು ಕಡ್ಡಿ ಮುರಿದಂತೆ. ಆ ಶನಿವಾರ ಅವರ ಮುಂದೆ ಎಲ್ಲ ಹೇಳಿಕೊಂಡೆ. "ಮೊದಲ ನಿಮ್ಮ ದನದ ಬ್ಯಾಗ್ ಕೆಳಗ ಇಡ್ರಿ" ಎಂದರು. "ಸಾಯೂ ಮಾತು ಆಮ್ಯಾಲ. ನೋವಿಗೆ ಏನು ಕೊಟ್ಟಾರ, ಅದನ್ನ ಹೇಳ್ರಿ."

ಅವರು ಸೂಚಿಸಿದ್ದು ಮಾರ್ಫಿನ್ ಮಾತ್ರೆ. ಅಫೀಮಿನಿಂದ ತೆಗೆಯುವ ಪ್ರಬಲ ನೋವುನಿವಾರಕ. ಚಟ ಹತ್ತೀತೆಂಬ ಹೆದರಿಕೆ, ಲೈಸೆನ್ಸಿನ ಕಾಟ, ಇವೆರಡರಿಂದ ಆಗ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಶೈಲಜಾ ತಾವು ಕೆಲಸ ಮಾಡುವ ಕಡೆ ಹಟ ಹಿಡಿದು ವ್ಯವಸ್ಥೆ ಮಾಡಿದರು. ಸಿದ್ಧಪ್ಪ ಅಪ್ಪನನ್ನು ಬಾಡಿಗೆಯ ಟ್ರ್ಯಾಕ್ಸ್ ಜೀಪಿನಲ್ಲಿ ಮಲಗಿಸಿಕೊಂಡು ಬೆಳಗಾವಿಗೆ ತಂದ. ಅವರು ಪರೀಕ್ಷಿಸಿ, ಪ್ರಮಾಣ ಗೊತ್ತು ಮಾಡಿ, "ನೋವು ಬಂದ ಮ್ಯಾಲ ಅಲ್ಲ, ಬರೂಕಿಂತ ಮೊದಲ ಕೊಡಬೇಕು" ಎಂದು ಲಗಮವ್ವನಿಗೆ ಮತ್ತೆ ಮತ್ತೆ ಹೇಳಿದರು.

ಮುಂದಿನ ವಾರ ನಂದಗಡಕ್ಕೆ ಹೋದಾಗ ಒರಲಾಟ ನಿಂತಿತ್ತು. ಭರಮಪ್ಪ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದ. ನನಗೆ ಆನೆ ಗೆದ್ದಷ್ಟು ಹಿಗ್ಗು. "ಏನ್ ಭರಮಪ್ಪಾ, ಆ ಮಾತು ಈಗ ಹೋತಲ್ಲಾ?" ಎಂದೆ.

"ನೋವು ಇಳದೈತ್ರಿ, ನಿಮ್ಮ ಉಪಕಾರ. ಮಾತು ಹೋಗಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದಾಕಿ ಕಡೆ ದಿನಾ ಹೇಲು ಉಚ್ಚಿ ಬಳಿಸ್ಕೋಬೇಕು. ಇದಕ್ಕ ಯಾವ ಗುಳಿಗಿ ಐತ್ರಿ?"

ನನ್ನ ಹಿಗ್ಗು ಅಲ್ಲೇ ಇಳಿಯಿತು. ಹೊರಡುವಾಗ ಲಗಮವ್ವ ಗೋಡೆಯ ಮರೆಗೆ ಕರೆದಳು. "ಎಲ್ಲಾ ಗುಳಿಗಿ ಒಮ್ಮೆಲೆ ಕೊಡು ಅಂತ ಕೈಕಾಲ ಬೀಳ್ತಾರ್ರಿ. ಇವತ್ತು ಇಲ್ಲ ಅಂದೀನಿ. ಒಂದಿನ ಕೊಟ್ಟಬಿಟ್ಟೇನು ಅಂತ ಭಯ ಆಗೈತಿ" ಎಂದಳು. ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನೆಲ್ಲ ನನ್ನ ಕೈಗೆ ಸುರಿದಳು. ನಾನು ಬೇಡವೆಂದ ಕೆಲಸ ಬಂದು ಬಂದು ಇವಳ ತಲೆಯ ಮೇಲೆ ಕೂತಿತ್ತಲ್ಲ! ಶೈಲಜಾ ಅವರಿಗೆ ಫೋನು ಹಚ್ಚಿ ಕೇಳಿದೆ. ಅವರ ಒಪ್ಪಿಗೆಯಂತೆ ಮಾತ್ರೆಗಳನ್ನು ನನ್ನ ಕೋಣೆಯಲ್ಲಿಟ್ಟೆ. ದಿನಾ ಕೆಲಸ ಮುಗಿಸಿ ಬೈಕಿನಲ್ಲಿ ನಂದಗಡಕ್ಕೆ ಹೋಗಿ ಮರುದಿನ ಸಂಜೆಯವರೆಗೆ ಬೇಕಾದಷ್ಟೇ ಕೊಟ್ಟು ಬರುವುದೆಂದಾಯಿತು. ನನ್ನ ಶನಿವಾರದ ಬೆಳಗಾವಿ ಬಸ್ಸೂ ಬಂದ್ ಆಯಿತು.

ಯಾಕೆ ದಿನಾ ಬರುತ್ತೇನೆಂದು ಭರಮಪ್ಪನಿಗೆ ಕೂಡಲೇ ಗೊತ್ತಾಯಿತು. "ಪಹರೆ ಮಾಡಾಕ ಬಂದೀರೇನ್ರಿ ಪೊಲೀಸ್ ಸಾಹೇಬ್ರ?" ಎಂದು ಕೆಣಕಿದ. ನಾನೂ ಬಿಡಲಿಲ್ಲ. "ಎಮ್ಮಿ ಮರುದಿನ ಮನಸ್ಸು ಬದಲಾಸ್ತಿರಲಿಲ್ಲ ಭರಮಪ್ಪಾ. ನೀ ಬದಲಾಸಿದರೂ ಬದಲಾಸಬಹುದು."

"ಬದಲಾಗಲಿಲ್ಲ ಅಂದ್ರ?"

"ನಾಳೆ ಬಂದು ಮತ್ತ ಕೇಳ್ತೀನಿ."

ಹೀಗೆ ದಿನಾ ಕೇಳಿದೆ. ದಿನಾ "ಅದ ಮಾತು" ಎಂದ, ದಿನಾ ಬೈದ. ಒಂದೊಂದು ದಿನ ಬೈಗುಳ ಮುಗಿದ ಮೇಲೆ ಹಲಸಿಯ ಕಡೆ ಕುರಿ ಮೇಯಿಸಿದ್ದು, ಚಿರತೆ ಅಟ್ಟಿದ್ದು, ಲಗಮವ್ವನನ್ನು ನೋಡಲು ಹೋಗಿ ಅವಳ ಅಕ್ಕನನ್ನು ಮೆಚ್ಚಿ ಬಂದಿದ್ದು, ಎಲ್ಲ ಹೇಳುತ್ತಿದ್ದ. ಮಲ ಮೂತ್ರದ ಕೆಲಸವನ್ನು ಪಾಳಿ ಮುಗಿಸಿ ಬಂದ ಸಿದ್ಧಪ್ಪ ತಾನು ವಹಿಸಿಕೊಂಡ. ಅಪ್ಪ ಮೊದಲು ಅವನನ್ನೂ ಬೈದ, ಆಮೇಲೆ ಸುಮ್ಮನಾದ. ಆದರೆ ನನ್ನನ್ನು ಸೂಜಿ ಕೇಳುವುದನ್ನು ಬಿಡಲಿಲ್ಲ. ಕೊನೆಯ ವಾರ ದನಿ ತೀರಾ ಇಳಿದಿತ್ತು. "ಸೂಜಿ ಕೊಡಲಿಲ್ಲಂತ ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ರಿ" ಎಂದ. ಹೋಗುವುದೂ ಬೇಡ, ಇರಲಿ ಎಂದೆ.

ಒಂದು ಮಧ್ಯಾಹ್ನ ಲಗಮವ್ವ ಚಮಚೆಯಲ್ಲಿ ಚಹಾ ಹಾಕಿದ್ದಾಳೆ, ಎರಡು ಗುಟುಕು ಕುಡಿದು ನಿದ್ದೆ ಹೋದವನು ಏಳಲಿಲ್ಲ. ಸಂಜೆ ನಾನು ಹೋದಾಗ ಅಂಗಳದ ತುಂಬ ಜನ. ಕಿಸೆಯಲ್ಲಿ ಮಾತ್ರೆ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತೆ, ಅಳು ಬಂತು, ಅತ್ತೆ.

ಅವನು ಕೇಳಿದ್ದು ತಪ್ಪು ಎಂದು ನಾನು ಇಂದಿಗೂ ಹೇಳಲಾರೆ. ನಾನು ಕೊಡದಿದ್ದುದು ಸರಿ ಎಂದು ಅವನು ಒಪ್ಪಿಕೊಂಡು ಸಾಯಲಿಲ್ಲ. ದಿನಕರ್ಮವೆಲ್ಲ ಮುಗಿದ ಮೇಲೆ ಮಾತಾಡಿಸಲು ಹೋದಾಗ, ಅವನಿಗೆ ನನ್ನಿಂದ ಸಂಕಟವೇ ಹೆಚ್ಚಾಯಿತೇನೋ ಎಂದು ಲಗಮವ್ವನ ಮುಂದೆ ಅಂದೆ.

"ನಿಮ್ಮನ್ನ ಭಾಳ ಬೈತಿದ್ರು, ಖರೇ" ಎಂದಳು. "ಆದ್ರ ಸಂಜಿ ಆತಂದ್ರ 'ಡಾಕ್ಟ್ರು ಬರೂ ಹೊತ್ತಾತು, ಗಡ್ಡಾ ಮಾಡ' ಅಂತಿದ್ರು. ದಿನಾ ನಾನ ಮಾಡ್ತಿದ್ದೆ."

ಸಾವು ಬೇಡಿದವನಿಗೆ 'ಇಲ್ಲ' ಎನ್ನುವುದು ಒಮ್ಮೆ ಹೇಳಿ ಎದ್ದುಬರುವ ಮಾತಲ್ಲ, ದಿನಾ ಅವನ ಮನೆಗೆ ಹೋಗಿ ಹೇಳಬೇಕಾದ ಮಾತು ಎಂಬುದನ್ನು ನಾನು ಕಲಿತದ್ದು ಆ ಹೊರಸಿನ ಪಕ್ಕದಲ್ಲಿ.